ಅಪ್ಪನಿಗೆ ಸಪ್ಪಳ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಯಾಕೆ?

ಬನಹಟ್ಟಿ ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪನಿಗೆ ಈಗ 67. ಬನಹಟ್ಟಿಯಲ್ಲಿ 34 ವರ್ಷ ಪಾವರಲೂಮ್ ಓಡಿಸಿದವರು. ಮೊದಲು ಬೇರೆಯವರ ಶೆಡ್ಡಿನಲ್ಲಿ ದುಡಿದರು, ಆಮೇಲೆ ಮನೆಯ ಹಿಂದೆಯೇ ನಾಲ್ಕು ಮಗ್ಗ ಹಾಕಿದರು. ಈಗ ಅವನ್ನು ನನ್ನ ತಮ್ಮ ನೋಡಿಕೊಳ್ಳುತ್ತಾನೆ. ನಾನು ಮದುವೆಯಾಗಿ ಬಾಗಲಕೋಟೆಯ ನವನಗರದಲ್ಲಿದ್ದೇನೆ. ಬ್ಲೌಸ್ ಹೊಲಿಯುವ ಅಂಗಡಿ ಇದೆ. ತಿಂಗಳಿಗೆ ಎರಡು ಸಲ ತವರಿಗೆ ಹೋಗುತ್ತೇನೆ.

ಅಪ್ಪನಿಗೆ ಕಿವುಡು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಯಾಕಂದರೆ ಅಡುಗೆ ಮನೆಯಲ್ಲಿ ಕೊಡ ಉರುಳಿದರೆ "ಏನ ಬಿತ್ತು?" ಅನ್ನುತ್ತಾರೆ. ನಾಲ್ಕು ಮಗ್ಗ ಓಡುವಾಗ ಒಂದರ ಹೊಡೆತ ತಪ್ಪಿದರೆ ಪಡಸಾಲೆಯಲ್ಲಿ ಕೂತು ಅವರೇ ಮೊದಲು ಹೇಳುತ್ತಾರೆ, ಪಕ್ಕದಲ್ಲೇ ನಿಂತ ತಮ್ಮನಿಗೆ ಗೊತ್ತಾಗಿರುವುದಿಲ್ಲ. ಆದರೆ ಮಾತು ಹತ್ತುವುದಿಲ್ಲ. ಅವರೇ ಹೇಳುವ ಹಾಗೆ ಬರೆಯುತ್ತೇನೆ: "ಸಪ್ಪಳ ಕೇಳಸ್ತದವ್ವಾ, ಮಾತು ತಿಳಿಯಂಗಿಲ್ಲ."

ಅವ್ವ ಇದನ್ನು ನಂಬುವುದಿಲ್ಲ. "ನಿಮ್ಮಪ್ಪಗ ಬೇಕಾದ್ದಷ್ಟ ಕೇಳಸ್ತದ" ಅನ್ನುತ್ತಾಳೆ. ನಾಲ್ಕು ವರ್ಷದಿಂದ ಮನೆಯಲ್ಲಿ ಇದೇ ಮಾತು. ಹೇಳಲು ಬೇಜಾರು, ನಾನೂ ಎಷ್ಟೋ ಸಲ "ಲಕ್ಷ್ಯ ಕೊಟ್ಟು ಕೇಳಪ್ಪಾ" ಅಂತ ಗದರಿದ್ದೇನೆ.

ಹೋದ ಯುಗಾದಿಗೆ ತಮ್ಮನ ಬೀಗರು ಊಟಕ್ಕೆ ಬಂದಿದ್ದರು. ಹೋಳಿಗೆಗೆ ತುಪ್ಪ ತಾನೇ ಬಡಿಸುತ್ತೇನೆ ಅಂತ ಅಪ್ಪ ಗಿಂಡಿ ಹಿಡಿದು ಎದ್ದರು. ಹೊರಗೆ ಟಿವಿ ಹಚ್ಚಿತ್ತು. ಬೀಗರು ತಲೆ ಬಗ್ಗಿಸಿ ಉಣ್ಣುತ್ತಲೇ "ಸಾಕ್ರಿ, ಸಾಕ್ರಿ" ಅಂದರು. ಅಪ್ಪ ಇನ್ನೊಂದು ಧಾರೆ ಸುರಿದರು. ಅವರು ಮತ್ತೆ "ಸಾಕ್ರಿ" ಅಂದರು, ಅಪ್ಪ ಮತ್ತೆ ಸುರಿದರು. ತಾಟಿನಲ್ಲಿ ಹೋಳಿಗೆ ತೇಲುವಷ್ಟು ತುಪ್ಪ. ಅವ್ವ ಓಡಿ ಬಂದು ಕೈಯಿಂದ ಗಿಂಡಿ ಕಸಿದುಕೊಂಡಳು. ಎಲ್ಲರ ಮುಂದೆ. ಅಪ್ಪ ಏನೂ ಮಾತಾಡದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಅವತ್ತು ಹಬ್ಬದ ಊಟ ಮಾಡಲಿಲ್ಲ. ರಾತ್ರಿ ನನ್ನ ಹತ್ತಿರ ಮಾತ್ರ ಹೇಳಿದರು: "ಅವರು ಹಾಕ್ರಿ ಅಂದದ್ದ ಕೇಳಿಸ್ತು ನನಗ."

ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸದ್ದು ಕೇಳುವ ಕಿವಿಗೆ ಮಾತು ಯಾಕೆ ತಿಳಿಯುವುದಿಲ್ಲ? ಕಟ್ಟೆಯ ಮೇಲೆ ನಾವಿಬ್ಬರೇ ಕೂತರೆ ಗಂಟೆಗಟ್ಟಲೆ ಮಾತಾಡುತ್ತಾರೆ, ಒಂದೂ ತಪ್ಪುವುದಿಲ್ಲ. ಮದುವೆ ಮನೆಗೆ ಹೋದರೆ ಗೊಂಬೆ ಹಾಗೆ ಕೂತಿರುತ್ತಾರೆ. ಫೋನಿನಲ್ಲಿ ನನ್ನ ಮಗಳು ಏನು ಹೇಳಿದರೂ "ಹೂಂ, ಹೂಂ". ಮೆಲ್ಲಗೆ ಹೇಳಿದರೆ "ಆಂ?" ಅನ್ನುತ್ತಾರೆ, ಜೋರಾಗಿ ಹೇಳಿದರೆ "ಯಾಕ ಒದರತಿ?" ಅಂತ ಸಿಟ್ಟಾಗುತ್ತಾರೆ. ನಮಗೆ ಇದು ಮೊದಲು ಗೊತ್ತಾಗಿದ್ದು 2020ರಲ್ಲಿ, ಕೊರೊನಾಕ್ಕೆ ಎಲ್ಲರೂ ಮಾಸ್ಕ್ ಹಾಕಿಕೊಂಡಾಗ. ಇದಕ್ಕೂ ಅದಕ್ಕೂ ಏನು ಸಂಬಂಧವೋ ತಿಳಿಯದು.

ಒಬ್ಬರು ಡಾಕ್ಟರು ನೋಡಿ "ಗುಗ್ಗೆ ಇಲ್ಲ, ವಯಸ್ಸಾಗಿದೆ, ಮಷೀನ್ ಹಾಕಿಸಿ" ಅಂದರು. ಒಂದು ಅಂಗಡಿಯಲ್ಲಿ 3,500 ರೂಪಾಯಿ ಕೊಟ್ಟು ತಂದೆವು. ಎರಡು ದಿನ ಹಾಕಿಕೊಂಡರು. "ಗದ್ದಲ ಅಷ್ಟ ಜಾಸ್ತಿ ಆತು" ಅಂತ ತೆಗೆದು ಟ್ರಂಕಿನಲ್ಲಿಟ್ಟರು. ತಿಳಿದವರು ಹೇಳಿ.

ಬೆಳಗಾವಿ ಆಡಿಯಾಲಜಿಸ್ಟ್ ಬರೆದದ್ದು:

ಅಕ್ಕಾ, ನಾನು ಬೆಳಗಾವಿಯಲ್ಲಿ 11 ವರ್ಷದಿಂದ ಕಿವಿ ಪರೀಕ್ಷೆ ಮಾಡುವವಳು. ಓದಿದ್ದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ, 1965ರಲ್ಲಿ ಶುರುವಾದ ಸಂಸ್ಥೆ ಅದು. ಮೊದಲ ಮಾತು, ಇದನ್ನು ನಿಮ್ಮ ಅವ್ವನಿಗೆ ಓದಿ ಹೇಳಿ: ನಿಮ್ಮ ಅಪ್ಪ ಬೇಕಂತ ಮಾಡುತ್ತಿಲ್ಲ. ಅವರು ಹೇಳಿದ ಒಂದು ಸಾಲು ನಮ್ಮ ಪಾಠದ ಪುಸ್ತಕಕ್ಕಿಂತ ಚೆನ್ನಾಗಿದೆ. ಸಪ್ಪಳ ಕೇಳುವುದು ಬೇರೆ ಕೆಲಸ, ಮಾತು ತಿಳಿಯುವುದು ಬೇರೆ ಕೆಲಸ.

ಕಿವಿಯೊಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ. ಗಾಳಿಯ ಅಲೆ ಬಂದು ಕಿವಿಯ ತಮಟೆಯನ್ನು ಅಲುಗಿಸುತ್ತದೆ. ಅದರ ಹಿಂದೆ ಮೂರು ಪುಟ್ಟ ಮೂಳೆಗಳಿವೆ, ಕೊನೆಯದು ಸುಮಾರು 3 ಮಿಲಿಮೀಟರ್, ಇಡೀ ಮೈಯಲ್ಲೇ ಚಿಕ್ಕ ಮೂಳೆ. ಅವು ಆ ಅಲುಗಾಟವನ್ನು ಒಳಗಿನ ಕಾಕ್ಲಿಯಾಕ್ಕೆ ದಾಟಿಸುತ್ತವೆ. ಕಾಕ್ಲಿಯಾ ಅಂದರೆ ಬಸವನಹುಳದ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡ, ನೀರು ತುಂಬಿದ ಕೊಳವೆ. ಬಿಚ್ಚಿದರೆ ಸುಮಾರು 35 ಮಿಲಿಮೀಟರ್ ಉದ್ದ.

ನಿಮ್ಮೂರಿನ ಭಜನೆಯ ಹಾರ್ಮೋನಿಯಂ ನೆನಪಿಸಿಕೊಳ್ಳಿ. ಒಂದು ತುದಿಯ ಮನೆ ಒತ್ತಿದರೆ ದಪ್ಪ, ಗಡಸು ದನಿ, ಇನ್ನೊಂದು ತುದಿಯದು ಸಣ್ಣ, ಕೀರಲು ದನಿ. ಕಾಕ್ಲಿಯಾ ಕೂಡ ಹಾಗೇ. ಸಣ್ಣ ದನಿಗಳು ಬಾಗಿಲ ಹತ್ತಿರದ ಜಾಗವನ್ನು ಅಲುಗಿಸುತ್ತವೆ, ಗಡಸು ದನಿಗಳು ಒಳ ತುದಿಯವರೆಗೆ ಹೋಗುತ್ತವೆ. ಇದನ್ನು ಕಣ್ಣಾರೆ ಕಂಡು ತೋರಿಸಿದ ಬೆಕೆಸಿ ಎಂಬುವರಿಗೆ 1961ರಲ್ಲಿ ನೊಬೆಲ್ ಬಂತು. ಆ ಉದ್ದಕ್ಕೂ ಕೂದಲಿನಂಥ ತುದಿ ಇರುವ ಜೀವಕೋಶಗಳು ಸಾಲಾಗಿ ನಿಂತಿವೆ. ಒಂದೊಂದು ಕಿವಿಯಲ್ಲಿ ಸುಮಾರು 15 ಸಾವಿರ. ಒಳಸಾಲಿನ ಮೂರೂವರೆ ಸಾವಿರ ಕೋಶಗಳು ಮಿದುಳಿಗೆ ಸುದ್ದಿ ಕಳಿಸುತ್ತವೆ. ಹೊರಸಾಲಿನವು ಮೆಲ್ಲನೆಯ ಸದ್ದನ್ನು ಎತ್ತಿ ಕೊಡುತ್ತವೆ, ಪಕ್ಕಪಕ್ಕದ ದನಿಗಳನ್ನು ಬಿಡಿಸಿ ಕೊಡುತ್ತವೆ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಈಗ ಮಗ್ಗಕ್ಕೆ ಬರೋಣ. ಸದ್ದಿನ ಜೋರನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತೇವೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಜಾಸ್ತಿ ಇರಬಾರದು ಅನ್ನುವುದು ತಜ್ಞರು ಒಪ್ಪುವ ಲೆಕ್ಕ. ಅಲ್ಲಿಂದ 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧ ಮಾಡಬೇಕು. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ ಒಂದೇ ಗಂಟೆ. ಪಾವರಲೂಮ್ ಶೆಡ್ಡಿನೊಳಗೆ 90ಕ್ಕಿಂತ ಜಾಸ್ತಿ ಇರುವುದು ಮಾಮೂಲು. ಅಲ್ಲಿ 34 ವರ್ಷ, ಹಗಲು ರಾತ್ರಿ ಪಾಳಿ. ಇಂಥ ಸದ್ದು ಮೊದಲು ಕೊಲ್ಲುವುದು 4000 ಹರ್ಟ್ಸ್ ಆಸುಪಾಸಿನ ಕೋಶಗಳನ್ನು (ಹರ್ಟ್ಸ್ ಏರಿದಷ್ಟೂ ದನಿ ಸಣ್ಣದು). ನಮ್ಮಲ್ಲಿ ಬರುವ ನೇಕಾರರ ಆಡಿಯೋಗ್ರಾಮ್, ಅಂದರೆ ಕಿವಿ ಪರೀಕ್ಷೆಯ ನಕ್ಷೆ ನೋಡಿದರೆ ಗೆರೆ ಅಲ್ಲಿಯವರೆಗೆ ಸರಿಯಾಗಿ ಬಂದು, ಅಲ್ಲಿ ಬಾವಿಗೆ ಇಳಿದ ಹಾಗೆ ಇಳಿದಿರುತ್ತದೆ. ವಯಸ್ಸು ಕೂಡ ಸಣ್ಣ ದನಿಗಳನ್ನೇ ಮೊದಲು ಕಸಿಯುತ್ತದೆ. ಎರಡೂ ಸೇರಿದರೆ ಅದೇ ತುದಿಗೆ ಎರಡು ಪೆಟ್ಟು. ಗಡಸು ದನಿಗಳ ಕೋಶಗಳು ಚೆನ್ನಾಗಿಯೇ ಉಳಿದಿರುತ್ತವೆ. ಕೊಡ ಉರುಳಿದ್ದು, ಮಗ್ಗದ ಹೊಡೆತ ತಪ್ಪಿದ್ದು ಅಪ್ಪನಿಗೆ ಗೊತ್ತಾಗುವುದು ಅದಕ್ಕೇ.

ಮಾತಿನಲ್ಲಿ ಗಡಸು ಯಾವುದು, ಸಣ್ಣದು ಯಾವುದು? ಆ, ಈ, ಊ, ಓ ಇಂಥ ಸ್ವರಗಳು ಗಡಸು, ಬಲವೂ ಜಾಸ್ತಿ. ದೂರದಿಂದಲೂ ಕೇಳುತ್ತವೆ. ಸ, ಶ, ತ, ಕ, ಪ ಸಣ್ಣವು, ಬಲವೂ ಕಡಿಮೆ. ಆದರೆ ಒಂದು ಮಾತನ್ನು ಇನ್ನೊಂದರಿಂದ ಬೇರೆ ಮಾಡುವುದು ಬಹಳ ಸಲ ಈ ಬಲವಿಲ್ಲದ ಅಕ್ಷರಗಳೇ. ಸ್ವರ ಕೇಳಿದರೆ ಯಾರೋ ಮಾತಾಡಿದರು ಅಂತ ಗೊತ್ತಾಗುತ್ತದೆ. ಏನು ಮಾತಾಡಿದರು ಅಂತ ಗೊತ್ತಾಗಲು ಉಳಿದದ್ದೂ ಬೇಕು.

ನಿಮ್ಮ ತುಪ್ಪದ ಗಿಂಡಿಗೆ ಬರುತ್ತೇನೆ. ಅದನ್ನು ಓದಿ ನನಗೆ ಕಣ್ಣು ತುಂಬಿತು. "ಸಾಕ್ರಿ", "ಹಾಕ್ರಿ". ಮೆಲ್ಲಗೆ ಎರಡನ್ನೂ ಹೇಳಿ ನೋಡಿ. "ಆಕ್ರಿ" ಎರಡರಲ್ಲೂ ಒಂದೇ. ಬೇರೆಯಾಗಿರುವುದು ಮೊದಲ ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ. ಅಷ್ಟರಲ್ಲಿ "ಸ್" ಅನ್ನುವ ಸಣ್ಣ ಸೀಟಿ. ಅದರ ಬಲವೆಲ್ಲ ಇರುವುದು 4000 ಹರ್ಟ್ಸ್ ಸುತ್ತ ಮತ್ತು ಅದರ ಮೇಲೆ. ಅಂದರೆ ನಿಮ್ಮ ಅಪ್ಪನ ಕಿವಿಯಲ್ಲಿ ಬಾವಿ ಬಿದ್ದ ಜಾಗದಲ್ಲೇ. ಆ ಸೀಟಿ ಬಿದ್ದು ಹೋದರೆ ಉಳಿಯುವುದು "...ಆಕ್ರಿ".

ಇಲ್ಲಿ ಮಿದುಳು ಸುಮ್ನೆ ಕೂರುವುದಿಲ್ಲ. ಅರ್ಧ ಸಿಕ್ಕ ಮಾತನ್ನು ಅದು ಪೂರ್ತಿ ಮಾಡಿ ಕೊಡುತ್ತದೆ, ನಮಗೆ ತಿಳಿಸದೆ. 1970ರಲ್ಲಿ ರಿಚರ್ಡ್ ವಾರನ್ ಎಂಬ ಅಮೆರಿಕದ ಸಂಶೋಧಕರು ಇದನ್ನು ಪರೀಕ್ಷಿಸಿದರು. ರೆಕಾರ್ಡ್ ಮಾಡಿದ ಒಂದು ವಾಕ್ಯದಿಂದ ಒಂದು "ಸ್" ತೆಗೆದು ಆ ಜಾಗಕ್ಕೆ ಕೆಮ್ಮು ಸೇರಿಸಿದರು. ಕೇಳಿದವರಲ್ಲಿ ಹೆಚ್ಚು ಕಡಿಮೆ ಎಲ್ಲರೂ "ಕೆಮ್ಮು ಕೇಳಿತು, ಆದರೆ ಯಾವ ಅಕ್ಷರವೂ ತಪ್ಪಿಲ್ಲ" ಅಂದರು. ಕೆಮ್ಮು ಯಾವ ಅಕ್ಷರದ ಮೇಲೆ ಬಿತ್ತು ಅಂತಲೂ ಸರಿಯಾಗಿ ಹೇಳಲಿಲ್ಲ. ಇಲ್ಲದ "ಸ್" ಅವರಿಗೆ ನಿಜವಾಗಿ ಕೇಳಿಸಿತ್ತು.

ದಿನವೆಲ್ಲ ಅಪ್ಪ ನಡೆಸುವುದು ಇದನ್ನೇ. "ಮಳಿ ಬರೂ ಹಂಗ ಕಾಣ...ದ" ಅಂದರೆ ಉಳಿದದ್ದು ತಾನೇ ತುಂಬಿಕೊಳ್ಳುತ್ತದೆ, ಮುಂದೆ ಇನ್ನೇನು ಬರಲು ಸಾಧ್ಯ? ಆದರೆ ಊಟದ ಪಂಕ್ತಿಯಲ್ಲಿ ಬಡಿಸುವವನ ಮುಂದೆ "ಸಾಕ್ರಿ"ಯೂ ಸರಿ ಹೊಂದುತ್ತದೆ, "ಹಾಕ್ರಿ"ಯೂ ಸರಿ ಹೊಂದುತ್ತದೆ. ಸಂದರ್ಭ ಕೈಕೊಟ್ಟ ಜಾಗ ಅದೊಂದೇ. ಪ್ರೀತಿಯಿಂದ ಬಡಿಸುವ ಯಜಮಾನನ ಮಿದುಳು ಯಾವುದನ್ನು ಆರಿಸಿಕೊಳ್ಳುತ್ತದೆ? ನಿಮ್ಮ ಅಪ್ಪನಿಗೆ "ಹಾಕ್ರಿ" ನಿಜವಾಗಿಯೂ ಕೇಳಿಸಿತು, ಅಕ್ಕಾ. ಅವರು ಸುಳ್ಳು ಹೇಳಲಿಲ್ಲ.

ಉಳಿದ ಪ್ರಶ್ನೆಗಳು. ಮದುವೆ ಮನೆಯ ಗದ್ದಲದಲ್ಲಿ ಒಬ್ಬರ ಮಾತು ಹಿಡಿಯುವುದು ಚೆನ್ನಾಗಿರುವ ಕಿವಿಗೂ ದೊಡ್ಡ ಕೆಲಸ. 1953ರಲ್ಲಿ ಕಾಲಿನ್ ಚೆರಿ ಇದರ ಮೇಲೆ ಪ್ರಯೋಗ ಶುರು ಮಾಡಿದಾಗಿನಿಂದ ಇವತ್ತಿಗೂ ಅಧ್ಯಯನ ನಡೆದೇ ಇದೆ. ಮಿದುಳು ಎರಡೂ ಕಿವಿಗೆ ಬಂದ ಸದ್ದನ್ನು ಹೋಲಿಸುತ್ತದೆ. ಬಲಗಡೆಯ ಮಾತು ಬಲಗಿವಿಗೆ ಒಂದು ಕೂದಲೆಳೆ ಮೊದಲು ಮುಟ್ಟುತ್ತದೆ. ಆ ಅಂತರ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಇಂಥ ಸುಳಿವುಗಳಿಂದ ಯಾರು ಎಲ್ಲಿಂದ ಮಾತಾಡಿದರು ಅಂತ ಗುರುತಿಸಿ, ಬೇಕಾದ ದನಿ ಉಳಿಸಿಕೊಂಡು ಬಾಕಿಯದನ್ನು ಹಿಂದೆ ತಳ್ಳುತ್ತದೆ. ಹೊರಸಾಲಿನ ಕೋಶ ಸತ್ತಾಗ ದನಿಗಳು ಒಂದರೊಳಗೊಂದು ಕಲಸಿ ಹೋಗುತ್ತವೆ, ಮಿದುಳಿಗೆ ಬಿಡಿಸಲು ದಾರಿ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಅವತ್ತು ಟಿವಿ ಹಚ್ಚಿತ್ತು ಅಂದಿರಿ, ಅದೂ ಪಾಲುದಾರ.

ಫೋನಿನ ಹಳೆಯ ಕಟ್ಟಳೆ 300ರಿಂದ 3400 ಹರ್ಟ್ಸ್. ಆ ಕಟ್ಟಳೆಯ ಕರೆಯಲ್ಲಿ ಅದರ ಮೇಲಿನದನ್ನು ಫೋನೇ ಕತ್ತರಿಸುತ್ತದೆ. ಹೆಸರು ಹೇಳುವಾಗ ನಾವೂ "ಸರಸ್ವತಿ ಸ" ಅಂತ ಬಿಡಿಸಿ ಹೇಳುವುದು ಅದಕ್ಕೇ ಅಲ್ವಾ? ಜೋರಾಗಿ ಹೇಳಿದರೆ ಸಿಟ್ಟಾಗುವುದಕ್ಕೂ ಕಾರಣ ಹೊರಸಾಲಿನ ಕೋಶಗಳೇ. ಅವು ಹೋದಾಗ ಮೆಲ್ಲನೆಯದು ಕೇಳುವುದೇ ಇಲ್ಲ, ಸ್ವಲ್ಪ ಏರಿಸಿದ ಕೂಡಲೇ ಕಿವಿಗೆ ಹೊಡೆದ ಹಾಗೆ ಆಗುತ್ತದೆ. ನಡುವಿನ ಜಾಗ ಬಹಳ ಕಿರಿದು. ಇನ್ನೊಂದು ವಿಷಯ, ಒದರಿದಾಗ ಏರುವುದು ಸ್ವರಗಳು. "ಸ್" ಎಷ್ಟು ಒದರಿದರೂ ಅಷ್ಟು ಏರುವುದಿಲ್ಲ. ಕೇಳುತ್ತಿದ್ದದ್ದೇ ಇನ್ನೂ ಜೋರಾಗುತ್ತದೆ, ಕೇಳದ್ದು ಹಾಗೇ ಉಳಿಯುತ್ತದೆ.

ಆ 3,500ರ ಮಷೀನು ಮಾಡಿದ್ದೂ ಇದನ್ನೇ ಇರಬೇಕು, ಎಲ್ಲವನ್ನೂ ಒಂದೇ ಸಮ ಏರಿಸಿದೆ. ಸರಿಯಾದ ಯಂತ್ರವನ್ನು ಆಡಿಯೋಗ್ರಾಮ್ ನೋಡಿ, ಯಾವ ದನಿ ಎಷ್ಟು ಬೇಕೋ ಅಷ್ಟೇ ಏರುವಂತೆ ಕಂಪ್ಯೂಟರಿನಲ್ಲಿ ಹೊಂದಿಸಬೇಕು. ಮೊದಲು ಪರೀಕ್ಷೆ ಮಾಡಿಸಿ. ಬರೀ ಬೀಪ್ ಸದ್ದಿನ ಪರೀಕ್ಷೆ ಸಾಲದು, ಮಾತಿನ ಪರೀಕ್ಷೆಯೂ ಆಗಬೇಕು ಅಂತ ಕೇಳಿ ಮಾಡಿಸಿ. ನಾವು ಬಾಯಿಗೆ ಅಡ್ಡ ಕಾಗದ ಹಿಡಿದು 25 ಕನ್ನಡ ಪದ ಹೇಳುತ್ತೇವೆ, ಅವರು ತಿರುಗಿ ಹೇಳಬೇಕು. ಒಂದಕ್ಕೆ 4 ಅಂಕ.

ರಬಕವಿ ಜಾಬರ್ ಬರೆದದ್ದು:

ತಂಗೀ, ನಾನು ಮಗ್ಗ ರಿಪೇರಿ ಮಾಡುವವನು. 28 ವರ್ಷ ಆಯಿತು. ಮೇಡಮ್ಮನವರು "ಬಾಯಿಗೆ ಅಡ್ಡ ಕಾಗದ" ಅಂದರಲ್ಲ, ಅದನ್ನು ಓದಿ ನನಗೆ ಒಂದು ವಿಷಯ ಹೊಳೆಯಿತು.

ಶೆಡ್ಡಿನಲ್ಲಿ ನಾವ್ಯಾರೂ ಕಿವಿಯಿಂದ ಮಾತಾಡುವುದಿಲ್ಲ. ಲಾಳಿ ಆ ಕಡೆ ಈ ಕಡೆ ಬಡಿಯುವಾಗ ಪಕ್ಕದವನ ದನಿ ಎಲ್ಲಿ ಕೇಳಬೇಕು? ತುಟಿ ನೋಡುತ್ತೇವೆ. ತುಟಿಯನ್ನು ಸ್ವಲ್ಪ ಜಾಸ್ತಿ ಅಗಲಿಸಿ, ನಿಧಾನ ಆಡಿಸುತ್ತೇವೆ. ಹೊಸ ಹುಡುಗರಿಗೆ ಮೊದಲ ತಿಂಗಳು ಏನೂ ತಿಳಿಯುವುದಿಲ್ಲ, ಆಮೇಲೆ ತಾನೇ ಬರುತ್ತದೆ. ಎರಡು ಬೆರಳು ಉಜ್ಜಿದರೆ ನೂಲು ಹರಿದಿದೆ ಅಂತ. ಹೆಬ್ಬೆರಳು ಬಾಯಿ ಹತ್ತಿರ ತಂದರೆ ಚಹಾ. ನಿಮ್ಮ ತಂದೆಯವರು 34 ವರ್ಷ ತುಟಿ ಓದಿದವರು. ಮಾಸ್ಕ್ ಹಾಕಿದ ಕೂಡಲೇ ಅವರ ಅರ್ಧ ಕಿವಿ ಮುಚ್ಚಿದ ಹಾಗೆ ಆಯಿತು. ಬೀಗರು ತಲೆ ಬಗ್ಗಿಸಿದ್ದರು ಅಂತ ನೀವೇ ಬರೆದಿದ್ದೀರಿ.

ನನಗೂ ಈಗ ಎಡಗಿವಿಯಲ್ಲಿ ಗುಂಯ್ ಅಂತಿರುತ್ತದೆ. ಪರೀಕ್ಷೆ ಮಾಡಿಸಬೇಕು.

ಬೆಳಗಾವಿ ಆಡಿಯಾಲಜಿಸ್ಟ್ ಬರೆದದ್ದು:

ಅಣ್ಣಾ, ಮಾಸ್ಕಿನ ಉತ್ತರ ನಾನು ಬಿಟ್ಟಿದ್ದೆ, ನೀವು ನನಗಿಂತ ಚೆನ್ನಾಗಿ ಹೇಳಿದಿರಿ. ಒಂದಷ್ಟು ಸೇರಿಸುತ್ತೇನೆ. ತುಟಿ ಓದುವುದು ಕಿವುಡರ ಕೆಲಸ ಮಾತ್ರ ಅಲ್ಲ, ನಾವೆಲ್ಲ ಗೊತ್ತಿಲ್ಲದೆ ಮಾಡುತ್ತೇವೆ. 1976ರಲ್ಲಿ ಮೆಗರ್ಕ್ ಮತ್ತು ಮೆಕ್‌ಡೊನಾಲ್ಡ್ ಒಂದು ಪ್ರಯೋಗ ಮಾಡಿದರು. ಪರದೆಯ ಮೇಲೆ ಒಬ್ಬರ ಬಾಯಿ "ಗ" ಅನ್ನುತ್ತಿದೆ, ದನಿ ಮಾತ್ರ "ಬ". ನೋಡಿದವರಲ್ಲಿ ಬಹಳಷ್ಟು ಜನರಿಗೆ ಕೇಳಿದ್ದು "ಡ"! ಕಣ್ಣು ಮುಚ್ಚಿದರೆ ಮತ್ತೆ "ಬ". ಕಣ್ಣು ಕಂಡದ್ದನ್ನೂ ಕಿವಿ ಕೇಳಿದ್ದನ್ನೂ ಮಿದುಳು ಕೂಡಿಸಿಯೇ ಮಾತು ಮಾಡುತ್ತದೆ.

"ಸ" ಹೇಳುವಾಗ ಹಲ್ಲು ಹತ್ತಿರ ಬರುತ್ತವೆ, "ಹ"ಗೆ ಬಾಯಿ ತೆರೆದೇ ಇರುತ್ತದೆ. ಬೀಗರು ಮುಖ ಎತ್ತಿ "ಸಾಕ್ರಿ" ಅಂದಿದ್ದರೆ ಅಪ್ಪ ಗಿಂಡಿ ಹಿಂದೆ ತೆಗೆಯುತ್ತಿದ್ದರು ಅಂತ ನನಗೆ ನಂಬಿಕೆ. ಮೊಮ್ಮಗಳಿಗೆ ವಿಡಿಯೋ ಕಾಲ್ ಮಾಡಲು ಹೇಳಿ. ಬೆಳಕು ಅವಳ ಮುಖದ ಮೇಲೆ ಬೀಳಲಿ, ಕಿಟಕಿಗೆ ಬೆನ್ನು ಮಾಡಿ ಕೂರುವುದು ಬೇಡ.

ಮತ್ತೆ ಅಣ್ಣಾ, ಆ ಗುಂಯ್ ಸದ್ದನ್ನು ಮುಂದೂಡಬೇಡಿ. ಈ ವಾರವೇ ತೋರಿಸಿ.

ಟಿಳಕವಾಡಿ ಮೇಷ್ಟ್ರು ಬರೆದದ್ದು:

ನಾನು ಕಿವಿ ತಜ್ಞ ಅಲ್ಲ. ಬೆಳಗಾವಿಗೆ ಹೊರಗಿನಿಂದ ಬಂದವರಿಗೆ ಸಂಜೆ ಕನ್ನಡ ಕಲಿಸುತ್ತೇನೆ. ಆದರೆ ಈ ವಿಷಯ ನನಗೆ ದಿನಾ ಎದುರಾಗುತ್ತದೆ.

ಉತ್ತರ ಪ್ರದೇಶದ ಒಬ್ಬ ಹುಡುಗನಿಗೆ "ಹಳ್ಳಿ" ಮತ್ತು "ಹಲ್ಲಿ" ಹೇಳಿಕೊಟ್ಟೆ. ಎರಡೂ ಒಂದೇ ಥರ ಕೇಳುತ್ತವೆ ಸರ್ ಅಂದ. ಬಾಯಿಂದ ಬರುವುದು ಆಮೇಲಿನ ಮಾತು, ಅವನ ಕಿವಿಗೇ ಬೀಳುತ್ತಿರಲಿಲ್ಲ. ಅವನ ಕಿವಿ ಚೆನ್ನಾಗಿಯೇ ಇತ್ತು. ಹಿಂದಿಯಲ್ಲಿ ಳ ಇಲ್ಲ, ಅವನ ಮಿದುಳು ಅದನ್ನು ಲ ಖಾನೆಗೇ ಹಾಕುತ್ತಿತ್ತು. ಮರಾಠಿ ಮನೆಯ ಮಕ್ಕಳಿಗೆ ಈ ತೊಂದರೆಯೇ ಇಲ್ಲ, ಮರಾಠಿಯಲ್ಲಿ ಳ ಇದೆ. ಆದರೆ ಅವರ ಒಂದೇ ಚ ಅಕ್ಷರ "ಚಾರ್" ಅನ್ನುವಾಗ ಚ, ಗಾಲಿಗೆ "ತ್ಸಾಕ" ಅನ್ನುವಾಗ ತ್ಸ. ಇದನ್ನು ಬೇರೆ ಬೇರೆಯಾಗಿ ಕೇಳಲು ನನಗೆ ವರ್ಷಗಳು ಬೇಕಾದವು. ನಾನು ಹುಟ್ಟಿದ್ದು ಬಾದಾಮಿ ಕಡೆ.

1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. ಆರೆಂಟು ತಿಂಗಳ ಕೂಸುಗಳು ಎರಡನ್ನೂ ಬೇರೆ ಮಾಡುತ್ತಿದ್ದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಹೆಚ್ಚಾಗಿ ಹೋಗಿತ್ತು, ಸುತ್ತ ಯಾರೂ ಆ ಅಕ್ಷರ ಆಡುವುದಿಲ್ಲವಲ್ಲ. ತೊಟ್ಟಿಲಲ್ಲಿ ಕಿವಿಗೆ ಬಿದ್ದ ಮಾತೇ ನಮ್ಮ ಮೊದಲ ಅಚ್ಚು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ತಂಗೀ, ನಿಮ್ಮ ಮಗಳು ಅಜ್ಜನ ಜೊತೆ ಯಾವ ಕನ್ನಡ ಮಾತಾಡುತ್ತಾಳೆ? ಮಿದುಳು ಖಾಲಿ ಜಾಗ ತುಂಬುವುದು ತನಗೆ ಗೊತ್ತಿರುವ ಮಾತಿನಿಂದ ಮಾತ್ರ. ಇಂಗ್ಲಿಷ್ ಪದಗಳು ನಡುನಡುವೆ ಬಂದರೆ ಅದು ಯಾವುದರಿಂದ ತುಂಬಬೇಕು? ಅದೂ ಅಲ್ಲದೆ ನಾವು ಆಡುವಾಗ ಪದಗಳ ನಡುವೆ ಜಾಗ ಬಿಡುವುದಿಲ್ಲ. ಬರೆಯುವಾಗ ಮಾತ್ರ ಜಾಗ. "ಊಟಾತೇನಜ್ಜಾ" ಅನ್ನುವುದು ಒಂದೇ ಉಸಿರು. ಅದನ್ನು ಎಲ್ಲಿ ಕಡಿಯಬೇಕು ಅಂತ ಅಜ್ಜನಿಗೆ ಚೆನ್ನಾಗಿ ಗೊತ್ತು. ಬನಹಟ್ಟಿ ಮಾತಿನಲ್ಲೇ ಮಾತಾಡಲಿ.

ಗುಮ್ಮಟದ ನೆರೆಯವ ಬರೆದದ್ದು:

ವಿಜಯಪುರದಿಂದ. ನನಗೆ 61, ಆರು ವರ್ಷದಿಂದ ಎರಡೂ ಕಿವಿಗೆ ಯಂತ್ರ ಹಾಕುತ್ತೇನೆ. ನಿಮ್ಮ ತಂದೆಯವರ ಕಷ್ಟ ನನ್ನದೂ ಆಗಿತ್ತು.

ಗೋಳಗುಮ್ಮಟ ನೋಡಿದ್ದೀರಲ್ಲ. ಮೇಲಿನ ಗ್ಯಾಲರಿಯಲ್ಲಿ ಬೆಳಿಗ್ಗೆ ಬೇಗ, ಯಾರೂ ಇಲ್ಲದಾಗ, ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ಆ ಕಡೆ ನಿಂತವರಿಗೆ ಒಂದೊಂದು ಅಕ್ಷರ ಕೇಳುತ್ತದೆ. ಮಧ್ಯಾಹ್ನ ಶಾಲೆಯ ಮಕ್ಕಳು ಬಂದು ಕೂಗಿದಾಗ ಹೋಗಿ ನೋಡಿ. ಸದ್ದು ನೂರು ಪಟ್ಟು, ಮಾತು ಒಂದೂ ಇಲ್ಲ. ಒಂದು ಕೂಗು ಸಾಯುವ ಮೊದಲು ಇನ್ನೊಂದು ಅದರ ಮೇಲೆ ಬೀಳುತ್ತದೆ. ಸಾಮಾನ್ಯ ಕೋಣೆಯಲ್ಲೂ ಗೋಡೆಯಿಂದ ಮಾತು ಮರಳಿ ಬರುತ್ತದೆ, ಆದರೆ ಬಹಳ ಬೇಗ ಬರುವುದರಿಂದ ಮಿದುಳು ಅದನ್ನು ಮೂಲ ಮಾತಿಗೇ ಸೇರಿಸಿಕೊಳ್ಳುತ್ತದೆ. ತಡವಾಗಿ ಬಂದರೆ ಬೇರೆ ಸದ್ದಾಗಿ ಕಾಡುತ್ತದೆ. ಕಲ್ಯಾಣ ಮಂಟಪಗಳು ಬರೀ ಗ್ರಾನೈಟು, ಗಾಜು. ಅವೂ ಚಿಕ್ಕ ಗುಮ್ಮಟಗಳೇ. ತಂದೆಯವರನ್ನು ಮೂಲೆಯಲ್ಲಿ, ಪರದೆ ಬಟ್ಟೆ ಇರುವ ಕಡೆ, ಸ್ಪೀಕರಿಗೆ ಬೆನ್ನು ಮಾಡಿ ಕೂರಿಸಿ. ನಾನು ಹಾಗೇ ಕೂರುತ್ತೇನೆ.

ಯಂತ್ರದ ಬಗ್ಗೆ ಒಂದು ಮಾತು. ಮೊದಲ ಎರಡು ವಾರ ಫ್ಯಾನು, ನಲ್ಲಿಯ ನೀರು, ಪ್ಲಾಸ್ಟಿಕ್ ಚೀಲದ ಚರಚರ ನನಗೆ ಹುಚ್ಚು ಹಿಡಿಸಿತು. ಎಷ್ಟೋ ವರ್ಷ ಬರದಿದ್ದ ಸದ್ದುಗಳು ಒಮ್ಮೆಲೇ ಬಂದವು, ಯಾವುದನ್ನು ಬಿಡಬೇಕು ಅಂತ ಮಿದುಳಿಗೆ ಮರೆತಿತ್ತು. ಶುರುವಿಗೆ ಮನೆಯೊಳಗೆ ಒಂದೆರಡು ಗಂಟೆ ಮಾತ್ರ ಹಾಕಿ. ಎರಡು ತಿಂಗಳಾದ ಮೇಲೆ ನನಗೆ ಫ್ಯಾನು ಕೇಳುವುದು ನಿಂತಿತು. ಖರ್ಚು ಕಷ್ಟ ಅಂದರೆ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಯಂತ್ರ ಸಿಗುತ್ತದೆಯೇ ಅಂತ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಆದಾಯ, ಅಂಗವಿಕಲತೆ ಪ್ರಮಾಣಪತ್ರದ ನಿಯಮಗಳಿವೆ.

ಬನಹಟ್ಟಿ ಮಗಳು ಬರೆದದ್ದು:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಕೈಮುಗಿಯುತ್ತೇನೆ.

ಪರೀಕ್ಷೆ ಆಯಿತು. ಗೆರೆ ಮೇಡಂ ಹೇಳಿದ ಹಾಗೆಯೇ ಇದೆ, 4000ದ ಹತ್ತಿರ ಬಾವಿ, ಎರಡೂ ಕಿವಿಗೆ. ಮಾತಿನ ಪರೀಕ್ಷೆಯಲ್ಲಿ ಬಾಯಿ ಮುಚ್ಚಿ ಹೇಳಿದಾಗ 25ರಲ್ಲಿ 14 ಸರಿ. ಆಮೇಲೆ ನಾನೇ ಕೇಳಿಕೊಂಡು ಬಾಯಿ ತೋರಿಸಿ ಹೇಳಿಸಿದೆ. 22. ಅವ್ವ ಅಲ್ಲೇ ಕೂತಿದ್ದಳು. ಏನೂ ಅನ್ನಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪನಿಗೆ ಕಿಟಕಿ ಸೀಟು ಬಿಟ್ಟು, ಪೂರ್ತಿ ಅವರ ಕಡೆ ತಿರುಗಿ ಕೂತು ಮಾತಾಡಿದಳು. ಯಂತ್ರ ಹೊಂದಿಸಲು ಮುಂದಿನ ಸೋಮವಾರ ಕರೆದಿದ್ದಾರೆ.

ಊಟದ ಹೊತ್ತಿಗೆ ಈಗ ಟಿವಿ ಬಂದ್. "ಸಾಕು" ಅನ್ನುವಾಗ ಎಲ್ಲರೂ ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತೇವೆ. ಮಗಳು ವಿಡಿಯೋ ಕಾಲ್ ಮಾಡಿ "ಊಟಾತೇನಜ್ಜಾ" ಅಂತ ಕೇಳಿದಳು. ಅಪ್ಪ ಹೂಂ ಅನ್ನಲಿಲ್ಲ. "ಆತವಾ, ಬದ್ನಿಕಾಯಿ ಪಲ್ಯಾ ಮಾಡಿದ್ಲು ನಿಮ್ಮಜ್ಜಿ" ಅಂದರು.

ತಮ್ಮನಿಗೆ ಕಿವಿಯ ಪ್ಲಗ್ ತಂದೆ, ಹಳದಿ ಬಣ್ಣದ ಸ್ಪಂಜಿನದು. ಅರಳೆ ಸಾಲದು ಅಂತ ಪರೀಕ್ಷೆ ಮಾಡಿದವರೇ ಹೇಳಿದರು. ಮೊದಲ ದಿನ ಅವನು "ಮಗ್ಗದ ಸಪ್ಪಳ ಬೇಕು, ಇಲ್ಲಾಂದ್ರ ನೂಲು ಹರಿದದ್ದು ತಿಳಿಯಂಗಿಲ್ಲ" ಅಂತ ತೆಗೆದಿಟ್ಟ. ಮರುದಿನ ಅಪ್ಪ ತಾವೇ ಒಂದು ಜೋಡಿ ಹಾಕಿಕೊಂಡು ಶೆಡ್ಡಿಗೆ ಹೋಗಿ ಅವನ ಪಕ್ಕ ನಿಂತರು. ನಾನು ಬಾಗಿಲಲ್ಲಿದ್ದೆ. ನಾಲ್ಕೂ ಮಗ್ಗ ಓಡುತ್ತಿದ್ದವು. ಅಪ್ಪ ತುಟಿ ಆಡಿಸಿದರು, ತಮ್ಮ ಮೂರನೇ ಮಗ್ಗದ ಹತ್ತಿರ ಹೋಗಿ ಏನೋ ಬಿಗಿ ಮಾಡಿ ಬಂದ. ತಮ್ಮ ತುಟಿ ಆಡಿಸಿದ, ಅಪ್ಪ ನಕ್ಕರು. ಇಬ್ಬರ ಕಿವಿಯಲ್ಲೂ ಹಳದಿ ಪ್ಲಗ್. ಹತ್ತು ನಿಮಿಷ ಹಾಗೆ ಮಾತಾಡಿದರು. ನನಗೆ ಒಂದು ಮಾತೂ ತಿಳಿಯಲಿಲ್ಲ.